ಬಿರುಗಾಳಿಯ ವಿಕ್ರಯ

ಕಡಲತೀರದ ಕುಟೀರದಲ್ಲಿ ಬೆಚ್ಚಗೆ ಕುಳಿತು ಚಳಿಗಾಲದ ಬಿರುಗಾಳಿಯನ್ನು ನೋಡುವುದೂ ಒಂದು ವಿಹಾರವೆಂಬ ಮತವು ಪಾಶ್ಚಾತ್ಯ ದೇಶಗಳಲ್ಲಿ ಬೇರೂರಿರುವುದಷ್ಟೆ. ಈ ಮತಕ್ಕೆ ಹೆಸರಾದ ಕ್ಷೇತ್ರಗಳಲ್ಲೊಂದು ಕೆನಡಾ ದೇಶದ ವ್ಯಾಂಕೂವರ್ ದ್ವೀಪದ ಪಡುವಣ ಕರೆಯಲ್ಲಿರುವ ಟೊಫಿನೊ ಎಂಬ ಸಣ್ಣ ಊರು. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. 1996ರಲ್ಲಿ ವಿಕನಿನಿಷ್ ಇನ್ ಎಂಬ ವಸತಿಗೃಹವು ತೆರೆದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗಿನ ಬಿರುಮಳೆಯ ದಿನಗಳೇ ಬೆಲೆಯುಳ್ಳ ಸರಕಾದುವು. ಮೋಡ ಕವಿದ ದಿನವನ್ನು ಅಮರಸಿಂಹನು ದುರ್ದಿನವೆಂದು ಕರೆದನು. ಟೊಫಿನೊದ ವರ್ತಕನು ಕೋಶವನ್ನೇ ತಿದ್ದಿ ಅದನ್ನು ಸುದಿನವೆಂದು ಮಾರುತ್ತಿರುವನು!

ಇಲ್ಲಿ ಪೂರ್ವಪಕ್ಷವುಂಟು. ಏಕಾಂತವು ಚಿತ್ತಕ್ಕೆ ಹಿತವಲ್ಲವೆ ಎಂದು ಕೇಳುವರು. ಹಿತವೇ ಸರಿ; ಅದರಲ್ಲಿ ವಿವಾದವಿಲ್ಲ. ಆದರೆ ನಮ್ಮ ವಿದ್ಯಾವಂತರಲ್ಲಿ ಕೆಲವರು ಇಷ್ಟಕ್ಕೆ ನಿಲ್ಲದೆ, ಗಾಜಿನ ಕಿಟಕಿಯೊಳಗಿಂದ ಹೆದ್ದೆರೆಯನ್ನು ನೋಡಿ ನಡುಗುವುದು ಸಾಕ್ಷಾತ್ ಭಯಾನಕರಸದ ಆಸ್ವಾದವೆಂದು ಶಾಸ್ತ್ರವನ್ನೇ ಸಾಕ್ಷಿಗೆ ಕರೆಯುತ್ತಾರೆ. ಈ ಸಾಕ್ಷಿಯು ಅವರ ಪರವಾಗಿ ನುಡಿಯುವಂತಹುದಲ್ಲ. ಭಟ್ಟನಾಯಕನು ಸಾಧಾರಣೀಕರಣವೆಂದು ಹೇಳಿದ್ದು ಏತಕ್ಕೆ? ಕಾವ್ಯದಲ್ಲಿಯೂ ನಾಟ್ಯದಲ್ಲಿಯೂ ತೋರುವ ಭಯವು ನನ್ನದು, ನಿನ್ನದು, ಇಂಥವನದು ಎಂಬ ಕಟ್ಟನ್ನು ಕಳಚಿಕೊಂಡಿರುವುದರಿಂದಲೇ ಅದು ರಸವಾಗುತ್ತದೆ. ನಿಜವಾದ ಕಡಲಿನ ಭಯಕ್ಕೆ ಒಡೆಯರಿದ್ದಾರೆ. ಅದು ದೋಣಿಯಲ್ಲಿರುವವನದು, ದಡದಲ್ಲಿ ಅವನ ದಾರಿ ಕಾಯುವವಳದು. ಪರರ ಪ್ರಾಣಭಯವನ್ನು ಕಾಫಿಯ ಬಟ್ಟಲು ಹಿಡಿದು ನೋಡುವವನಿಗೆ ಸಹೃದಯನೆಂಬ ಬಿರುದನ್ನು ಯಾವ ಆಲಂಕಾರಿಕನೂ ಕೊಟ್ಟಿಲ್ಲ.

ಇದು ಕೇವಲ ತರ್ಕದ ಮಾತಲ್ಲ. ಟೊಫಿನೊದಿಂದ ಅದೇ ಕರೆಯ ಗುಂಟ ಆಗ್ನೇಯಕ್ಕೆ ಹೋದರೆ ಪಚೀನಾ ಭೂಶಿರವು ಸಿಕ್ಕುತ್ತದೆ. 1906ನೆಯ ಜನವರಿ 22ರ ರಾತ್ರಿ, ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟಿದ್ದ ವಲೆನ್ಸಿಯಾ ಎಂಬ ಹೊಗೆಹಡಗು ಬಿರುಗಾಳಿಯಲ್ಲಿ ಜಲಸಂಧಿಯ ಬಾಯನ್ನು ತಪ್ಪಿ ಇದರ ಬಳಿಯ ಬಂಡೆಗೆ ಬಡಿಯಿತು. ದಡವು ಕಣ್ಣಿಗೆ ಕಾಣುತ್ತಿದ್ದಿತು, ಕೈಗೆ ಎಟಕಲಿಲ್ಲ. ಸಹಾಯಕ್ಕೆಂದು ಬಂದ ಹಡಗುಗಳು ದೂರದಿಂದ ನೋಡಿ, ಸಮೀಪಿಸಲಾರದೆ ಹಿಂದಿರುಗಿದುವು. ನೂರಕ್ಕೂ ಹೆಚ್ಚು ಮಂದಿ ಮಡಿದರು. ಬದುಕಿದವರು 37 ಮಂದಿ ಗಂಡಸರು. ಅವರಲ್ಲಿ ಒಬ್ಬ ಹೆಂಗಸಿಲ್ಲ, ಒಂದು ಮಗುವಿಲ್ಲ. ಬಿರುಗಾಳಿಯನ್ನು ನೋಡಿದವರು ಅಂದೂ ಇದ್ದರು!

ಆ ದುರಂತದ ತರುವಾಯ ಸರ್ಕಾರದವರು 1908ರಲ್ಲಿ ಪಚೀನಾದಲ್ಲಿ ದೀಪಸ್ತಂಭವನ್ನು ನಿಲ್ಲಿಸಿದರು. ಒಡೆದ ಹಡಗಿನಿಂದ ಈಜಿ ಬಂದವರು ನಡೆದು ಪಾರಾಗಲೆಂದು ಕಾಡಿನಲ್ಲಿ ಪ್ರಾಣರಕ್ಷಣೆಯ ದಾರಿಯನ್ನು ಕಡಿಸಿ, ಅಲ್ಲಲ್ಲಿ ಆಶ್ರಯದ ಗುಡಿಸಲುಗಳನ್ನು ಕಟ್ಟಿಸಿದರು. ಆ ಕರೆಯಲ್ಲಿ ಬಿರುಗಾಳಿಗಾಗಿ ಹೀಗೂ ಕುಟೀರಗಳು ಎದ್ದುವೆಂಬುದನ್ನು ವಾಚಕರು ಗಮನಿಸಬೇಕು. ಆ ದಾರಿಯೇ ಇಂದು 75 ಕಿಲೋಮೀಟರ್ ಉದ್ದದ ‘ವೆಸ್ಟ್ ಕೋಸ್ಟ್ ಟ್ರೇಲ್’ ಎಂಬ ಚಾರಣಪಥ. ಚಳಿಗಾಲದ ವಿಪತ್ತಿಗಾಗಿ ಕಡಿದ ಈ ದಾರಿಯನ್ನು ಚಳಿಗಾಲದಲ್ಲಿ ಅಪಾಯಕರವೆಂದು ಮುಚ್ಚಿಡುತ್ತಾರೆ. ಕಡಲಿನ ಸ್ವಭಾವವನ್ನು ತಿಳಿಯಲು ಇದಕ್ಕಿಂತ ಬೇರೆ ಪ್ರಮಾಣವೇಕೆ? ಅಲ್ಲಿಯ ಮೂಲನಿವಾಸಿಗಳಾದ ನೂಚಾನುಲ್ತ್ ಜನರಲ್ಲಿ ಅನೇಕರು ಬೇಸಗೆಯಲ್ಲಿ ಹೊರಗಡಲಿನ ಅಂಚಿನಲ್ಲಿದ್ದು, ಚಳಿಗಾಲಕ್ಕೆ ಒಳಕೊಲ್ಲಿಗಳ ಮರೆಗೆ ಸರಿದು, ಸೀಡರ್ ಮರದ ಹಲಗೆಯ ಮನೆಗಳಲ್ಲಿ ತಮ್ಮ ಉತ್ಸವಗಳನ್ನು ನಡೆಸುತ್ತಿದ್ದರು.

ಊರವರ ಜೀವನೋಪಾಯವೇನಾಗಬೇಕೆಂಬ ಪ್ರಶ್ನೆಯೊಂದು ಉಳಿಯಿತು, ಇದನ್ನು ತಳ್ಳಿಹಾಕುವಂತಿಲ್ಲ. ಅದೇ ಕ್ಲೇಯೊಕ್ವಾಟ್ ಪ್ರದೇಶದಲ್ಲಿ 1993ರಲ್ಲಿ ಪುರಾತನ ವೃಕ್ಷಗಳನ್ನು ಕಡಿಯಬಾರದೆಂದು ದಾರಿಗೆ ಅಡ್ಡನಿಂತು 800ಕ್ಕೂ ಹೆಚ್ಚು ಜನರು ಸೆರೆಯಾದರು. ಮರವನ್ನು ಕಡಿದು ಮಾರುವುದಕ್ಕಿಂತ ಗಾಳಿಯನ್ನು ಮಾರುವುದು ಎಷ್ಟೋ ಮೇಲು. ಆದುದರಿಂದ ಕುಟೀರಗಳನ್ನು ಮುಚ್ಚಬೇಕೆಂದು ಯಾರೂ ಹೇಳುವುದಿಲ್ಲ. ಅತಿಥಿಯು ಬರಲಿ, ಮೌನವಾಗಿರಲಿ, ಬೇಕಾದಷ್ಟು ದಿನ ಮಳೆಯ ಸದ್ದನ್ನು ಕೇಳಲಿ. ಆದರೆ ಅವನ ಮುಂದೆ ಬೆಲೆಪಟ್ಟಿಯೊಡನೆ ಉಬ್ಬರವಿಳಿತದ ವೇಳಾಪಟ್ಟಿಯನ್ನೂ, ಪಚೀನಾ ಭೂಶಿರವನ್ನೂ 1906 ಎಂಬ ಅಂಕೆಯನ್ನೂ ಗುರುತಿಸಿದ ಒಂದು ಭೂಪಟವನ್ನೂ ಇಡತಕ್ಕದ್ದು. ಅದನ್ನು ತೂಗುಹಾಕಲು ಆ ದೊಡ್ಡ ಕಿಟಕಿಯ ಪಕ್ಕದಲ್ಲಿ ಒಂದು ಮೊಳ ಗೋಡೆಯಾದರೂ ಇರದೆ ಹೋಗದು.