ಮಾತಿಗೆ ಶುಲ್ಕವೇಕೆ?

ಮನಸ್ಸಿನ ಸಂಕಟವನ್ನು ಹೇಳಿಕೊಳ್ಳುವುದಕ್ಕಾಗಿ ಅಪರಿಚಿತರೊಬ್ಬರಿಗೆ ಹಣ ಕೊಡುವುದೆಂದರೆ ನಮ್ಮಲ್ಲನೇಕರಿಗೆ ನಗೆ ಬರುತ್ತದೆ. ‘ಗೆಳೆಯರಿಲ್ಲವೆ? ಮನೆಯಲ್ಲಿ ಹಿರಿಯರಿಲ್ಲವೆ? ಅದೂ ಸಾಲದಿದ್ದರೆ ಊರ ಮುಂದಿನ ಅರಳೀಕಟ್ಟೆ ಇಲ್ಲವೆ?’ ಎಂದು ಕೇಳುವವರನ್ನು ಹಾಸ್ಟೆಲಿನಲ್ಲಿಯೂ ತರಗತಿಯಲ್ಲಿಯೂ ಕಂಡಿದ್ದೇನೆ. ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಬೆಂಗಳೂರಿನಂತಹ ನಗರದಲ್ಲಿ ಖಾಸಗಿ ಮನೋಚಿಕಿತ್ಸಕರು ಮುಕ್ಕಾಲು ಗಂಟೆ, ಒಂದು ಗಂಟೆಯ ಮಾತಿಗೆ ಸಾವಿರ ರೂಪಾಯಿಯನ್ನೋ ಅದಕ್ಕೂ ಹೆಚ್ಚನ್ನೋ ಪಡೆಯುವುದುಂಟು. ಕೂಲಿಯಿಂದ ನಡೆಯುವ ಮನೆಯ ವಿದ್ಯಾರ್ಥಿಗೆ ಇದು ಸಣ್ಣ ಮೊತ್ತವಲ್ಲ. ಆದುದರಿಂದ ಆ ಹಣಕ್ಕೆ ಪ್ರತಿಯಾಗಿ ದೊರೆಯುವುದೇನೆಂದು ವಿಚಾರಿಸಿ ನೋಡುವುದು ಯುಕ್ತ.

‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಕೊಟ್ಟವರು ವೈದ್ಯರಲ್ಲ, ಒಬ್ಬ ರೋಗಿ. 1880ರಿಂದ 1882ರವರೆಗೆ ವಿಯೆನ್ನಾದಲ್ಲಿ ಯೋಸೆಫ್ ಬ್ರಾಯರ್ ಎಂಬ ವೈದ್ಯರು ಬೆರ್ತಾ ಪಾಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆ ಮಾಡಿದರು. ಒಳಗಿದ್ದುದನ್ನು ಹೇಳಿಕೊಂಡಾಗ ಹಗುರವಾಗುವುದನ್ನು ಕಂಡು ಆಕೆಯೇ ಆ ಹೆಸರಿಟ್ಟಳು. ತಮಾಷೆಗೆ ‘ಹೊಗೆಗೂಡು ಗುಡಿಸುವುದು’ ಎಂದೂ ಕರೆದಳು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಆಕೆಯ ವೃತ್ತಾಂತವನ್ನು ಬೇರೊಂದು ಹೆಸರಿನಲ್ಲಿ ಪ್ರಕಟಿಸಿದರು. ಆಕೆ ಅಷ್ಟರಿಂದಲೇ ಗುಣಮುಖಳಾಗಲಿಲ್ಲ, ಅನಂತರವೂ ಆಸ್ಪತ್ರೆವಾಸ ತಪ್ಪಲಿಲ್ಲ ಎಂಬುದನ್ನು ಮಾತ್ರ ಈ ಚಿಕಿತ್ಸೆಯನ್ನು ಹೊಗಳುವವರು ಬಿಟ್ಟುಬಿಡುತ್ತಾರೆ. ಮುಂದೆ ಆಕೆ ಜರ್ಮನಿಯಲ್ಲಿ ಹೆಸರಾಂತ ಸಮಾಜಸೇವಕಿಯಾದಳು.

ಅಂದಿನಿಂದ ಇಂದಿನವರೆಗೆ ಹಲವು ಮಾರ್ಗಗಳು ಬೆಳೆದಿವೆ. ವಿದ್ಯಾರ್ಥಿಗಳಿಗೆ ಹತ್ತಿರವಾದುದೆಂದು ನನಗೆ ತೋರುವುದು 1960ರ ದಶಕದಲ್ಲಿ ಅಮೆರಿಕದ ಏರನ್ ಬೆಕ್ ರೂಪಿಸಿದ ಕ್ರಮ. ಇಲ್ಲಿ ಬಾಲ್ಯವನ್ನು ಕೆದಕುವುದಕ್ಕಿಂತ ಇಂದಿನ ಯೋಚನೆಯನ್ನು ಪರೀಕ್ಷಿಸುವುದೇ ಮುಖ್ಯ. ಒಬ್ಬ ವಿದ್ಯಾರ್ಥಿ ಒಂದು ಪತ್ರಿಕೆಯಲ್ಲಿ ನಪಾಸಾದನೆನ್ನೋಣ. ‘ನಾನು ಯಾವುದಕ್ಕೂ ಬಾರದವನು’ ಎಂದು ಅವನ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಗೆಳೆಯನು ‘ಬಿಡೋ ಮಾರಾಯ, ಎಲ್ಲಾ ಸರಿಹೋಗುತ್ತೆ’ ಎಂದು ಚಹಾ ಕುಡಿಸುತ್ತಾನೆ. ಅದು ಸ್ನೇಹ, ಅದರ ಬೆಲೆ ಅದಕ್ಕೆ ಉಂಟು. ಚಿಕಿತ್ಸಕರಾದರೋ ಸಮಾಧಾನ ಹೇಳುವುದಿಲ್ಲ, ಪ್ರಶ್ನೆ ಹಾಕುತ್ತಾರೆ: ‘ಉಳಿದ ಪತ್ರಿಕೆಗಳಲ್ಲಿ ತೇರ್ಗಡೆಯಾದವರು ಯಾರು? ನಿಮ್ಮ ಗೆಳೆಯ ನಪಾಸಾಗಿದ್ದರೆ ಅವನಿಗೂ ಇದೇ ಮಾತನ್ನು ಹೇಳುತ್ತಿದ್ದಿರಾ?’ ಮುಂದಿನ ವಾರದವರೆಗೆ ಇಂತಹ ಯೋಚನೆಗಳನ್ನು ಬರೆದಿಡಲು ಹೇಳುತ್ತಾರೆ, ಮರುವಾರ ಅದನ್ನು ಕೇಳುತ್ತಾರೆ. ಹತ್ತಿಪ್ಪತ್ತು ವಾರಗಳಲ್ಲಿ ತನ್ನ ಯೋಚನೆಯನ್ನು ತಾನೇ ಪರೀಕ್ಷಿಸುವ ಅಭ್ಯಾಸ ಬರುತ್ತದೆ. ಇದು ಹರಟೆಯಲ್ಲ, ಒಂದು ಬಗೆಯ ಪಾಠ.

ಇನ್ನು ಹಿರಿಯರ ಮಾತು. ಮನೆಯಲ್ಲಿ ಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರ ಕಷ್ಟ ಇಲ್ಲಿಯೇ ಇದೆ. ನನಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ, ರಾತ್ರಿ ನಿದ್ರೆ ಬರುತ್ತಿಲ್ಲ ಎಂದು ಅವ್ವನಿಗೆ ಹೇಳಿದರೆ ಅಂದೇ ದೇವರಿಗೆ ಹರಕೆ ಹೊತ್ತು ಉಪವಾಸ ಹಿಡಿಯುತ್ತಾಳೆ. ಅಪ್ಪ ಒಂದು ವಾರ ಯಾರೊಡನೆಯೂ ಮಾತಾಡುವುದಿಲ್ಲ. ಅವರಿಗೆ ಪ್ರೀತಿ ಕಡಿಮೆಯೆಂದಲ್ಲ, ಹೆಚ್ಚೆಂದೇ ಹೇಳಲಾಗುವುದಿಲ್ಲ. ಇಡೀ ಮನೆಯ ಆಸೆ ಒಬ್ಬನ ತಲೆಯ ಮೇಲಿರುವಾಗ ಅವನ ದುಃಖವು ಅವನದಾಗಿ ಉಳಿಯುವುದಿಲ್ಲ. ನನ್ನ ಸೋಲಿನಿಂದ ಏನನ್ನೂ ಕಳೆದುಕೊಳ್ಳದವರೊಬ್ಬರ ಮುಂದೆ ಕುಳಿತು ಮಾತಾಡುವುದು ಎಷ್ಟು ದೊಡ್ಡ ಸೌಕರ್ಯವೆಂಬುದು ಇಂತಹವರಿಗೆ ಗೊತ್ತು. ಶುಲ್ಕಕ್ಕೂ ಇಲ್ಲಿ ಒಂದು ಅರ್ಥವಿದೆ: ಹಣ ಕೊಟ್ಟ ಮೇಲೆ ಋಣವಿಲ್ಲ, ಅವರ ಕಷ್ಟವನ್ನು ನಾವು ತಿರುಗಿ ಕೇಳಬೇಕಾಗಿಲ್ಲ. ಅರಳೀಕಟ್ಟೆಯಾದರೋ ಎಲ್ಲವನ್ನೂ ಕೇಳುತ್ತದೆ, ಯಾವುದನ್ನೂ ಬಚ್ಚಿಡುವುದಿಲ್ಲ. ಚಿಕಿತ್ಸಕರು ಬಚ್ಚಿಡಲೇಬೇಕು, 2017ರ ಮಾನಸಿಕ ಆರೋಗ್ಯ ಕಾಯಿದೆ ಗೋಪ್ಯತೆಯನ್ನು ಹಕ್ಕಾಗಿಯೇ ಮಾಡಿದೆ. ಪ್ರಾಣಾಪಾಯದಂತಹ ಕೆಲವು ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ ಉಂಟು.

ಮಾತಿನಿಂದ ಎಲ್ಲವೂ ಆಗುವುದೆಂದು ನಾನು ವಾದಿಸುವುದಿಲ್ಲ. ಇಲ್ಲದ ಧ್ವನಿಗಳು ಕೇಳುವಂತಹ ತೀವ್ರ ಕಾಯಿಲೆಗೆ ಮನೋವೈದ್ಯರೂ ಔಷಧವೂ ಬೇಕು. ಬೋರ್ಡು ತೂಗುಹಾಕಿದವರೆಲ್ಲ ಚಿಕಿತ್ಸಕರೂ ಅಲ್ಲ. ಒಂದೇ ಭೇಟಿಯಲ್ಲಿ ಗುಣಪಡಿಸುತ್ತೇವೆನ್ನುವವರಿಂದ ದೂರವಿರುವುದು ಲೇಸು. ಕ್ಲಿನಿಕಲ್ ಸೈಕಾಲಜಿಸ್ಟರೆಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಆದರೆ ಹಣವಿದ್ದವರಿಗೆ ಮಾತ್ರ ಕಿವಿಯುಂಟು ಎಂಬ ವ್ಯವಸ್ಥೆಯನ್ನು ಒಪ್ಪುವುದು ಹೇಗೆ? ನಮ್ಮ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತು. ಅವರಲ್ಲಿ ಬಹುಮಂದಿಗೆ ಯಾವ ಚಿಕಿತ್ಸೆಯೂ ಇರಲಿಲ್ಲ. ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲರೂ ಸಂಗಡಿಗರೂ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಪದವಿಯಿಲ್ಲದ ಸಾಮಾನ್ಯರಿಗೇ ತರಬೇತಿ ಕೊಟ್ಟು, ಆರೆಂಟು ಭೇಟಿಗಳಲ್ಲಿ ತೀವ್ರ ಖಿನ್ನತೆಯುಳ್ಳವರಿಗೆ ನೆರವಾಗಲು ಸಾಧ್ಯವಾಯಿತು. ಖಾಸಗಿ ಕೊಠಡಿಯಲ್ಲಿ ದೊರೆಯುವ ನಿಶ್ಚಿತ ಸಮಯ, ಪ್ರತಿ ವಾರವೂ ಅದೇ ಮುಖ, ಗುಟ್ಟು ಇವನ್ನು ಸರ್ಕಾರವೂ ಕೊಡಬಲ್ಲದು ಎಂದಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲಿಯೇ, ಉಚಿತವಾಗಿ ಮಾತಾಡಬಹುದು. ಬದುಕೇ ಬೇಡವೆನಿಸಿದ ರಾತ್ರಿಯಲ್ಲಿ ಯಾರೂ ಬೆಳಗಿನವರೆಗೆ ಕಾಯಬಾರದು.

ನಮ್ಮ ಕಾಲೇಜಿಗೂ ವಾರಕ್ಕೆ ಎರಡು ದಿನ ತರಬೇತಿ ಪಡೆದ ಆಪ್ತಸಮಾಲೋಚಕರು ಬರುವಂತಾಗಬೇಕೆಂದು ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವರ್ಗದಲ್ಲಿಯೂ ನನ್ನ ವಿನಂತಿ. ಬೇಕಾದುದು ಒಂದು ಸಣ್ಣ ಕೊಠಡಿ, ಎರಡು ಕುರ್ಚಿ. ಆ ಕೊಠಡಿ ಆಫೀಸಿನ ಎದುರಿಗೆ ಮಾತ್ರ ಬೇಡ. ಗ್ರಂಥಾಲಯದ ಹಿಂಬದಿಯಲ್ಲಿದ್ದರೆ ಪುಸ್ತಕಕ್ಕೆಂದು ಹೊರಟವರಂತೆ ಯಾರು ಬೇಕಾದರೂ ಹೋಗಿಬರಬಹುದು.