ಗೊಣಗುವ ಫ್ಯಾನಿನ ಗಣಿತ

ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋಗುತ್ತದೆ. ಇನ್ವರ್ಟರ್ ಇದ್ದ ಮನೆಯಲ್ಲಿ ದೀಪ ಉರಿಯುತ್ತದೆ, ಫ್ಯಾನೂ ತಿರುಗುತ್ತದೆ. ಆದರೆ ಕೆಲವು ಮನೆಗಳಲ್ಲಿ ಅದೇ ಫ್ಯಾನು ಗುಂಯ್ ಎಂದು ಗೊಣಗತೊಡಗುತ್ತದೆ. ಏಕೆ?

ಕಾರಣ ವಿದ್ಯುತ್ತಿನ ಅಲೆಯ ಆಕಾರ. ಕಂಬದಿಂದ ಬರುವುದು ಸೆಕೆಂಡಿಗೆ 50 ಬಾರಿ ನಯವಾಗಿ ಏರಿಳಿಯುವ ಸೈನ್ ಅಲೆ. ಅಗ್ಗದ ಇನ್ವರ್ಟರಿನದು ಚೌಕ ಅಲೆ: ಅರ್ಧ ಆವರ್ತ ಧನ, ಇನ್ನರ್ಧ ಅಷ್ಟೇ ಋಣ, ನಡುವೆ ಥಟ್ಟನೆ ಜಿಗಿತ. ಇಂತಹ ತುಂಡು ಅಲೆಯನ್ನೂ ಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದೆಂದು ಫ್ರಾನ್ಸಿನ ಜೋಸೆಫ್ ಫೂರಿಯೇ 1807ರಲ್ಲಿ ಹೇಳಿದಾಗ ಹಿರಿಯ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ. ಫೂರಿಯೇ ಬಿಡಲಿಲ್ಲ, 1822ರಲ್ಲಿ ಅವನ ಗ್ರಂಥ ಹೊರಬಂತು. ಇಂದು ಅದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಠ.

ಮೂಲ ಆವೃತ್ತಿಯ 2, 3, 4... ಪಟ್ಟು ಆವೃತ್ತಿಯ ಅಲೆಗಳೇ ಹಾರ್ಮೋನಿಕ್‌ಗಳು. ಚೌಕ ಅಲೆಯಲ್ಲಿ ಯಾವುದು ಎಷ್ಟಿದೆ? ಅನುಕಲನಕ್ಕೆ ಕೈ ಹಾಕುವ ಮುಂಚೆ ಒಂದು ಚಿತ್ರ ಬರೆದು ಉಬ್ಬುತಗ್ಗುಗಳನ್ನು ಎಣಿಸಿ. ಧನವಾಗಿರುವ ಅರ್ಧ ಆವರ್ತದಲ್ಲಿ ಎರಡನೆಯ ಹಾರ್ಮೋನಿಕ್‌ಗೆ ಒಂದು ಉಬ್ಬು, ಒಂದು ತಗ್ಗು. ಎರಡೂ ವಜಾ ಆಗಿ ಉಳಿಯುವುದು ಸೊನ್ನೆ. ಮೂರನೆಯದಕ್ಕೆ ಉಬ್ಬು, ತಗ್ಗು, ಉಬ್ಬು. ಒಂದು ಜೋಡಿ ವಜಾ ಆಗಿ, ಮೂರರಲ್ಲೊಂದು ಭಾಗ ಅಗಲದ ಉಬ್ಬು ಉಳಿಯುತ್ತದೆ. ಆದ್ದರಿಂದ ಅದರ ಪಾಲು ಮೂಲ ಅಲೆಯ 1/3. ಐದನೆಯದು 1/5, ಏಳನೆಯದು 1/7. ಸಮಸಂಖ್ಯೆಯವು ಇಲ್ಲವೇ ಇಲ್ಲ. ಋಣ ಅರ್ಧದಲ್ಲಿ ಎರಡು ಅಲೆಗಳೂ ತಲೆಕೆಳಗಾಗುವುದರಿಂದ ಲೆಕ್ಕ ಬದಲಾಗದು.

ಅಂದರೆ ಫ್ಯಾನಿನ ಮೋಟಾರಿಗೆ 50 ಹರ್ಟ್ಸ್ ಜೊತೆಗೆ ಶೇ. 33ರಷ್ಟು 150 ಹರ್ಟ್ಸ್, ಶೇ. 20ರಷ್ಟು 250 ಹರ್ಟ್ಸ್ ಸಹ ತಲುಪುತ್ತದೆ. ಇವು ಫ್ಯಾನನ್ನು ಬೇಗ ತಿರುಗಿಸುವುದಿಲ್ಲ. ಸುರುಳಿಯನ್ನು ಬಿಸಿಮಾಡುತ್ತವೆ, ಗೊಣಗಿಸುತ್ತವೆ.

ಪರಿಹಾರವೂ ಎಣಿಕೆಯಲ್ಲೇ ಇದೆ. ಅರ್ಧ ಆವರ್ತದ 180 ಡಿಗ್ರಿಯಲ್ಲಿ ಮೊದಲ 30, ಕೊನೆಯ 30 ಡಿಗ್ರಿ ವೋಲ್ಟೇಜನ್ನು ಸೊನ್ನೆಯಲ್ಲಿಟ್ಟರೆ ಉಳಿಯುವುದು 120 ಡಿಗ್ರಿ. ಅಷ್ಟರಲ್ಲಿ ಮೂರನೆಯ ಹಾರ್ಮೋನಿಕ್ ಸರಿಯಾಗಿ ಒಂದು ಪೂರ್ಣ ಸುತ್ತು ಮುಗಿಸುತ್ತದೆ. ಆದ್ದರಿಂದ ಅದು ಮಾಯ! ಐದನೆಯದು ಮಾತ್ರ ಶೇ. 20ರಷ್ಟೇ ಉಳಿಯುತ್ತದೆ. ಇನ್ವರ್ಟರ್ ಕೊಳ್ಳುವ ಪಾಲಕರು 'ಸೈನ್ ವೇವ್' ಹೌದೇ ಎಂದು ಕೇಳಬೇಕಾದದ್ದು ಇದಕ್ಕೇ.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಎರಡೂ ತುದಿಯಲ್ಲಿ 18 ಡಿಗ್ರಿ ಸೊನ್ನೆಯಿಟ್ಟು ನಡುವಿನ 144 ಡಿಗ್ರಿ ಮಾತ್ರ ವೋಲ್ಟೇಜ್ ಕೊಟ್ಟರೆ ಮೊದಲು ಮಾಯವಾಗುವ ಬೆಸ ಹಾರ್ಮೋನಿಕ್ ಯಾವುದು? ಮೊದಲು ಚಿತ್ರ ಬರೆಯಿರಿ, ಸೂತ್ರ ಆಮೇಲೆ.