ಬೋರ್ಡಿಗೆ ಶೇಕಡಾ 60, ನಿಮ್ಮ ಮೊಬೈಲಿಗೆ ಎಷ್ಟು?

ಕನ್ನಡದ ಯುವಕ ಯುವತಿಯರೇ,

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಕೆಳಗೆ ಬಿದ್ದವು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು ಬೀದಿಗಿಳಿದ ಕಾರ್ಯಕರ್ತರು ಬಂಧನಕ್ಕೊಳಗಾದರು. 2024ರಲ್ಲಿ ಕಾನೂನು ತಿದ್ದುಪಡಿಯಾಗಿ, ಫಲಕದ ಮೇಲ್ಭಾಗ ಕನ್ನಡದ್ದು ಎಂದಾಯಿತು. ಸಂತೋಷ. ಆದರೆ ಆ ಹೋರಾಟದ ವಿಡಿಯೋಗಳ ಕೆಳಗೆ ನೀವು ಬರೆದ 'ಜೈ ಕರ್ನಾಟಕ'ಗಳನ್ನು ಒಮ್ಮೆ ನೋಡಿಕೊಳ್ಳಿ. ಎಷ್ಟೋ ಜೈಕಾರಗಳು ಇಂಗ್ಲಿಷ್ ಅಕ್ಷರದಲ್ಲಿವೆ! ಮಾರ್ವಾಡಿಯ ಅಂಗಡಿಗಾಗಲಿ ಅಮೆರಿಕದ ಕಾಫಿ ಕಂಪನಿಗಾಗಲಿ ಕನ್ನಡ ಅಕ್ಷರ ಕಡ್ಡಾಯ. ಕನ್ನಡದ ಕಟ್ಟಾಳುವಿನ ಮೊಬೈಲಿಗೆ ಮಾತ್ರ ವಿನಾಯಿತಿಯೇ?

ನಾನು ಕೊಪ್ಪದಲ್ಲಿ ಮುದ್ರಣಾಲಯ ನಡೆಸುವವನು. ಅಕ್ಷರ ನನ್ನ ಅನ್ನ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಿಂದ ಬೆಂಗಳೂರಿಗೆ ಹೋದ ಹುಡುಗರು ಗಣಪತಿ ಹಬ್ಬದ ಕರಪತ್ರಕ್ಕೆ, ಅಕ್ಕನ ಲಗ್ನಪತ್ರಿಕೆಗೆ ವಾಟ್ಸಾಪಿನಲ್ಲಿ ಮ್ಯಾಟರ್ ಕಳಿಸುತ್ತಾರೆ. ಇಪ್ಪತ್ತು ಸಾಲು ಕನ್ನಡ, ಅದರಲ್ಲಿ ಒಂದೂ ಕನ್ನಡ ಅಕ್ಷರವಿಲ್ಲ. ಬಿ, ಇ, ಎಲ್, ಇ ಎಂದು ಬರೆದಿದ್ದರೆ ಅದು ಅಡಿಕೆ ಬೆಲೆಯೋ, ಅಡಿಕೆ ಬೆಳೆಯೋ, ಸಾರಿನ ಬೇಳೆಯೋ? ಕಂಪೋಸ್ ಮಾಡುವವನು ಫೋನ್ ಮಾಡಿ ಕೇಳಬೇಕು. 'ನಾನು ಹಳ್ಳಿ ಹುಡುಗ' ಎಂದು ಎದೆ ತಟ್ಟಿಕೊಂಡು ಬರೆದವನು ಆ ಲಿಪಿಯಲ್ಲಿ 'ಹಲ್ಲಿ ಹುಡುಗ'ನಾಗಿ ಗೋಡೆ ಹತ್ತಿರುತ್ತಾನೆ!

ಇದನ್ನು ಓದಿ, ಪ್ರೆಸ್ಸಿನ ಈ ಮನುಷ್ಯ ನಮ್ಮ ರ‍್ಯಾಪ್ ಹಾಡನ್ನೂ ಬೈಯುತ್ತಾನೆ ಎಂದುಕೊಳ್ಳಬೇಡಿ. ರ‍್ಯಾಪ್ ಪರದೇಶದ್ದು, ನಮ್ಮ ಸಂಸ್ಕೃತಿಯಲ್ಲ ಎನ್ನುವ ಹಿರಿಯರಿಗೂ ನನ್ನದೊಂದು ಮಾತಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಹುಡುಗ ತಂಗಿ ಏರ್ಪಡಿಸಿದ್ದ ಪಾರ್ಟಿಗೆ ರೆಕಾರ್ಡು ತಿರುಗಿಸಿದ. ಹಿಪ್ ಹಾಪ್ ಹುಟ್ಟಿದ ದಿನ ಎಂದು ಜಗತ್ತು ಅದನ್ನೇ ಆಚರಿಸುತ್ತದೆ. ಪಠ್ಯಪುಸ್ತಕದ ಭಾಷೆ ಬಿಟ್ಟು ತಮ್ಮ ಕೇರಿಯ ಭಾಷೆಯನ್ನೇ ಜಗತ್ತಿನ ಕಿವಿಗೆ ಹಾಕಿದವರು ಅವರು. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರು ಕುಳಿತು, ಬರೆದುಕೊಂಡು ಬರದ ಮಾತಿನಲ್ಲೇ ಎದುರಾಳಿಯನ್ನು ಕಟ್ಟಿಹಾಕುತ್ತಾರೆ. ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಮಾತಿಗೆ ಮಾತು ಎಸೆಯುವ ಈ ಮಲೆನಾಡಿಗೆ ರ‍್ಯಾಪ್ ಪರಕೀಯವಲ್ಲ. ಆಲ್ ಓಕೆ, ಚಂದನ್ ಶೆಟ್ಟಿ ಮುಂತಾದವರು ಆಡುಮಾತನ್ನು ಬೀಟಿಗೆ ಕೂರಿಸಿದ್ದರಿಂದಲೇ ಕಾಲೇಜು ಹುಡುಗರ ಇಯರ್‌ಫೋನಿನಲ್ಲಿ ಕನ್ನಡ ಕೇಳುತ್ತಿದೆ. ಹಾಡಿ, ಗೆಳೆಯರೇ, ಜೋರಾಗಿ ಹಾಡಿ!

ಆದರೆ ಹಾಡಿದ್ದನ್ನು ಬರೆಯುವಾಗ ಏಕೆ ಬೆನ್ನು ಬಾಗುತ್ತದೆ? ಯೂಟ್ಯೂಬಿನಲ್ಲಿ ಕನ್ನಡ ರ‍್ಯಾಪ್ ಹುಡುಕಿ ನೋಡಿ. ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಹೊಗಳಿದವರದೂ ಇಂಗ್ಲಿಷ್ ಅಕ್ಷರ. ರ‍್ಯಾಪಿನ ಜೀವ ಪ್ರಾಸ. ಸಾವಿರದ ನೂರು ವರ್ಷಕ್ಕೂ ಹಿಂದೆ ಕವಿರಾಜಮಾರ್ಗ ಪ್ರಾಸದ ಲೆಕ್ಕ ಹೇಳಿದ ಭಾಷೆ ಇದು. ಲ ಬೇರೆ, ಳ ಬೇರೆ. ನ ಬೇರೆ, ಣ ಬೇರೆ. ಹ್ರಸ್ವ ಬೇರೆ, ದೀರ್ಘ ಬೇರೆ. ಇಪ್ಪತ್ತಾರು ಅಕ್ಷರದ ಚೀಲಕ್ಕೆ ಇವನ್ನೆಲ್ಲ ತುರುಕಿದರೆ ಪ್ರಾಸದ ಕತ್ತು ಹಿಸುಕಿದಂತೆ. ಇಂದು ಇಂಗ್ಲಿಷ್ ಅಕ್ಷರದಲ್ಲಿ ಓದಿ ಹಾಡು ಕಲಿತ ಹುಡುಗ ನಾಳೆ 'ಬೆಳಕು' ಎನ್ನಲಾರ, 'ಬೆಲಕು' ಎನ್ನುತ್ತಾನೆ. ಲಿಪಿ ಹೋದರೆ ಅದರ ಹಿಂದೆಯೇ ನಾಲಿಗೆಯೂ ಹೋಗುತ್ತದೆ.

'ಕನ್ನಡ ಟೈಪಿಂಗ್ ಕಷ್ಟ' ಎನ್ನುತ್ತೀರಾ? ಆ ನೆಪ ಸತ್ತು ಕಾಲವಾಯಿತು. ಕಿನ್ನಿಕಂಬಳ ಪದ್ಮನಾಭ ರಾವ್ ಇಪ್ಪತ್ತಾರೇ ಕೀಲಿಗಳಲ್ಲಿ ಕನ್ನಡ ಮೂಡುವ ವಿನ್ಯಾಸ ಕೊಟ್ಟರು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 1998ರಲ್ಲಿ ಶೇಷಾದ್ರಿವಾಸು ಬರಹ ತಂದರು. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ತೇಜಸ್ವಿ, 2007ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ, ಕನ್ನಡಕ್ಕೆ ತಕ್ಕ ತಂತ್ರಾಂಶ ಬೇಕೆಂದು ಹಟ ಹಿಡಿದು ಕೂತಿದ್ದರು. ಈಗ ಆ್ಯಂಡ್ರಾಯ್ಡ್ ಫೋನಿನಲ್ಲಿ ಇಂಗ್ಲಿಷ್ ಕೀಲಿ ಒತ್ತಿದರೂ ಕನ್ನಡ ಮೂಡುತ್ತದೆ, ಬಾಯಲ್ಲಿ ಹೇಳಿದರೂ ಮೂಡುತ್ತದೆ. ರೀಲ್ಸ್ ಎಡಿಟ್ ಮಾಡಲು ರಾತ್ರಿಯಿಡೀ ಕೂರುವವರಿಗೆ ಕೀಬೋರ್ಡ್ ಸೇರಿಸುವ ಎರಡು ನಿಮಿಷ ಸಿಗುವುದಿಲ್ಲವೇ?

'ಕನ್ನಡದಲ್ಲಿ ಹೆಸರಿಟ್ಟರೆ ಹೊರಗಿನವರು ನೋಡುವುದಿಲ್ಲ' ಎಂಬುದು ಇನ್ನೊಂದು ನೆಪ. 2012ರಲ್ಲಿ ಯೂಟ್ಯೂಬಿನಲ್ಲಿ ಮೊಟ್ಟಮೊದಲು ನೂರು ಕೋಟಿ ವೀಕ್ಷಣೆ ದಾಟಿದ್ದು ಗಂಗ್ನಂ ಸ್ಟೈಲ್. ಅದರ ಹೆಸರಿನ ಸಾಲಿನಲ್ಲಿ ಕೊರಿಯನ್ ಅಕ್ಷರಗಳಿವೆ. ಯಾರು ಓಡಿಹೋದರು? ಬೆಂಗಳೂರಿನ ಹುಡುಗಿಯರು ಕೊರಿಯನ್ ಅಕ್ಷರ ಕಲಿಯಲು ಕೂತಿದ್ದಾರೆ! ತನ್ನ ಅಕ್ಷರಕ್ಕೆ ತಾನೇ ನಾಚಿಕೊಳ್ಳುವವನನ್ನು ಜಗತ್ತು ಯಾಕೆ ಗೌರವಿಸಬೇಕು?

ಇದರಲ್ಲಿ ಇನ್ನೂ ಒಂದು ಅಪಾಯವಿದೆ. ಇಂದಿನ ಯಂತ್ರಗಳು ಜನ ಬರೆದದ್ದನ್ನು ಓದಿ ಭಾಷೆ ಕಲಿಯುತ್ತವೆ. ನೀವು ಕನ್ನಡದಲ್ಲಿ ಬರೆಯದಿದ್ದರೆ ಅವು ಯಾವ ಕನ್ನಡ ಕಲಿಯುತ್ತವೆ? ನಾಳೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಯಂತ್ರ ಮಾತನಾಡುವಾಗ ನಮ್ಮ ಊರಿನ ಅಜ್ಜಿಗೆ ಹರಕು ಕನ್ನಡವೇ ಗತಿಯಾಗುತ್ತದೆ.

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಹುಡುಗನೊಬ್ಬ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆದು 1922ರಲ್ಲಿ ಪುಸ್ತಕವನ್ನೂ ತಂದಿದ್ದ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ತಾಯಿನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿದರು. ಹುಡುಗ ಕೇಳಿದ, ಕುವೆಂಪು ಆದ. ನಿಮಗೆ ಬುದ್ಧಿ ಹೇಳಲು ಇನ್ನೊಬ್ಬ ಐರಿಷ್ ಕವಿ ಹಡಗು ಹತ್ತಬೇಕೇ?

ಮಾಡಬೇಕಾದ್ದು ಇಷ್ಟೇ. ಹಾಡು ಬಿಡುವವರು ಹೆಸರನ್ನು ಮೊದಲು ಕನ್ನಡ ಅಕ್ಷರದಲ್ಲಿ ಬರೆಯಿರಿ, ಬೇಕಾದರೆ ಇಂಗ್ಲಿಷ್ ಅದರ ಕೆಳಗಿರಲಿ. ಸಾಹಿತ್ಯವನ್ನು ಪೂರ್ತಿ ಕನ್ನಡದಲ್ಲಿ ಹಾಕಿ. ಕೇಳುವವರು ಮೆಚ್ಚುಗೆಯನ್ನೂ ಬೈಗುಳವನ್ನೂ ಕನ್ನಡದಲ್ಲೇ ಬರೆಯಿರಿ. ಕನ್ನಡ ಸಂಘಟನೆಗಳು ತಮ್ಮ ಪುಟಗಳಿಂದಲೇ ಇದನ್ನು ಶುರು ಮಾಡಲಿ. ನವೆಂಬರ್ ಒಂದಕ್ಕೆ ಡಿ.ಪಿ.ಯಲ್ಲಿ ಹಳದಿ ಕೆಂಪು ಹಾರಿಸಿ, ಎರಡಕ್ಕೆ ಇಂಗ್ಲಿಷ್ ಅಕ್ಷರಕ್ಕೆ ಮರಳುವ ಅಭಿಮಾನ ನಮಗೆ ಬೇಡ.

ಅಂಗಡಿಯವನ ಬೋರ್ಡಿನಲ್ಲಿ ಕನ್ನಡ ಬರಲು ಚಳವಳಿ ಬೇಕಾಯಿತು, ಕಾನೂನು ಬೇಕಾಯಿತು. ನಿಮ್ಮ ಅಂಗೈಯಲ್ಲಿರುವ ಬೋರ್ಡಿಗೆ ನಿಮ್ಮ ಹೆಬ್ಬೆರಳೊಂದೇ ಸಾಕು. ಈ ಹೊತ್ತೇ ಬರೆಯಿರಿ!